ಅತಿಮಾನವನ ಕೈಯಲ್ಲಿ ಕ್ಯಾಮೆರಾ

ಕಥೆ ಹೇಳುವವನಿಗೆ ಎಲ್ಲ ಕಾಲದಲ್ಲಿಯೂ ಒಂದು ಚಿಂತೆ ಇದ್ದೇ ಇರುತ್ತದೆ: ಕೇಳುವವರು ಇದನ್ನು ನಂಬುವರೇ? ಅದ್ಭುತವಾದುದನ್ನು ಹೇಳಹೊರಟಾಗಲಂತೂ ಈ ಚಿಂತೆ ಇಮ್ಮಡಿಯಾಗುತ್ತದೆ. ಆದುದರಿಂದಲೇ ಕಥೆಗಾರರು ಹಳೆಯ ಪತ್ರ, ದಿನಚರಿ, ಕೈಬರಹದ ಕಟ್ಟು ಮುಂತಾದವುಗಳ ಆಸರೆಯನ್ನು ಪಡೆದರು. 1897ರಲ್ಲಿ ಪ್ರಕಟವಾದ ಬ್ರಾಮ್ ಸ್ಟೋಕರನ 'ಡ್ರಾಕುಲಾ' ಕಾದಂಬರಿಯು ಆದ್ಯಂತವಾಗಿ ದಿನಚರಿಯ ಪುಟಗಳಿಂದಲೂ ಪತ್ರಗಳಿಂದಲೂ ವೃತ್ತಪತ್ರಿಕೆಯ ತುಣುಕುಗಳಿಂದಲೂ ಕೂಡಿದೆ. ರಕ್ತ ಹೀರುವ ಪ್ರೇತದ ಕಥೆಯನ್ನು ಲೇಖಕನು ತನ್ನ ಮಾತಿನಲ್ಲಿ ಹೇಳಿದ್ದರೆ ಓದುಗನು ನಕ್ಕು ಬದಿಗಿರಿಸುತ್ತಿದ್ದನೇನೋ. ದಾಖಲೆಗಳ ಕಟ್ಟೊಂದನ್ನು ಮುಂದಿಟ್ಟು ತಾನು ಮರೆಗೆ ಸರಿದುದರಿಂದ ಆ ಕಥೆಗೆ ಸಾಕ್ಷ್ಯದ ಬಲ ಬಂದಿತು.

ಚಲನಚಿತ್ರಗಳ ಲೋಕದಲ್ಲಿ ಇದೇ ಉಪಾಯವು 'ಫೌಂಡ್ ಫುಟೇಜ್' ಎಂಬ ಹೆಸರನ್ನು ಪಡೆದಿದೆ. ಎಲ್ಲಿಯೋ ಸಿಕ್ಕಿದ ದೃಶ್ಯಾವಳಿ ಎಂಬುದು ಅದರ ಅರ್ಥ. ಕಥೆಯೊಳಗಿನ ಪಾತ್ರಗಳೇ ಕ್ಯಾಮೆರಾ ಹಿಡಿದು ಚಿತ್ರಿಸಿದ್ದಾರೆ, ಆ ಬಳಿಕ ಅವರಿಗೆ ಏನೋ ಸಂಭವಿಸಿದೆ, ಉಳಿದು ಸಿಕ್ಕಿದ್ದು ಈ ಚಿತ್ರಸುರುಳಿ ಮಾತ್ರ ಎಂಬ ನಂಬಿಕೆಯ ಮೇಲೆ ಇಂತಹ ಚಿತ್ರಗಳು ನಿಲ್ಲುತ್ತವೆ. ಈ ರೀತಿಯು ಹೆಚ್ಚಾಗಿ ಬಳಕೆಯಾದುದು ಭಯಾನಕ ಕಥೆಗಳಲ್ಲಿ. ಆದರೆ ಹಾರುವ, ಬೆಟ್ಟವನ್ನೆತ್ತುವ, ಲೋಕವನ್ನು ಕಾಪಾಡುವ ಅತಿಮಾನವರ ಕಥೆಗೂ ಇದನ್ನು ಒಗ್ಗಿಸಿದ ಪ್ರಯತ್ನವೊಂದು 2012ರಲ್ಲಿ ನಡೆಯಿತು. ಆ ಚಿತ್ರದ ಹೆಸರು 'ಕ್ರಾನಿಕಲ್'. ಅದರ ಗುಣದೋಷಗಳ ವಿವೇಚನೆಯು ಕೇವಲ ಚಿತ್ರರಸಿಕರಿಗೆ ಸೇರಿದ ವಿಷಯವಲ್ಲ. ಪ್ರತಿ ಮನೆಯಲ್ಲಿಯೂ ಮಕ್ಕಳ ಕೈಯಲ್ಲಿ ಕ್ಯಾಮೆರಾ ಇರುವ ಈ ದಿನಗಳಲ್ಲಿ ತಾಯ್ತಂದೆಯರಿಗೂ ಅದರಲ್ಲಿ ಯೋಚಿಸತಕ್ಕ ಅಂಶಗಳಿವೆ.

ಈ ರೀತಿಯು ಬೆಳೆದು ಬಂದ ಬಗೆ

1980ರಲ್ಲಿ ಇಟಲಿಯ ನಿರ್ದೇಶಕ ರುಜ್ಜೆರೋ ದೆಯೋದಾತೋ ಎಂಬವನು ಕಾಡಿನಲ್ಲಿ ಕಾಣೆಯಾದ ಚಿತ್ರತಂಡವೊಂದರ ಸುರುಳಿಗಳು ಸಿಕ್ಕಿವೆ ಎಂಬ ಕಟ್ಟಿನಲ್ಲಿ 'ಕ್ಯಾನಿಬಲ್ ಹೋಲೋಕಾಸ್ಟ್' ಎಂಬ ಚಿತ್ರವನ್ನು ತೆಗೆದನು. ತೆರೆಯ ಮೇಲಿನ ಕ್ರೌರ್ಯವು ನಿಜವಾದ ಕೊಲೆಯೇ ಇರಬೇಕೆಂಬ ಶಂಕೆ ಹುಟ್ಟಿ, ಅವನು ನ್ಯಾಯಾಲಯದ ಕಟಕಟೆಯನ್ನು ಏರಬೇಕಾಯಿತು. ನಟರು ಬದುಕಿದ್ದಾರೆಂಬುದನ್ನು ಅವನು ತೋರಿಸಿಕೊಡಬೇಕಾಯಿತು. ಕುಟುಂಬದವರು ನೋಡತಕ್ಕ ಚಿತ್ರ ಅದಲ್ಲ. ಆದರೂ ಈ ಕಥನರೀತಿಗೆ ನಂಬಿಸುವ ಶಕ್ತಿ ಎಷ್ಟಿದೆಯೆಂಬುದು ಅಲ್ಲಿಯೇ ಜಗತ್ತಿಗೆ ತಿಳಿಯಿತು.

ಅನಂತರ 1999ರಲ್ಲಿ ಅಮೆರಿಕದಲ್ಲಿ 'ದ ಬ್ಲೇರ್ ವಿಚ್ ಪ್ರಾಜೆಕ್ಟ್' ಬಂದಿತು. ಮೇರಿಲ್ಯಾಂಡ್ ರಾಜ್ಯದ ಕಾಡಿನಲ್ಲಿ ಮಾಟಗಾತಿಯ ಐತಿಹ್ಯವನ್ನು ಅರಸಿ ಹೋದ ಮೂವರು ವಿದ್ಯಾರ್ಥಿಗಳು ಮರಳಿ ಬರಲಿಲ್ಲವೆಂದೂ, ವರುಷದ ಬಳಿಕ ಅವರ ಸುರುಳಿಗಳು ದೊರೆತವೆಂದೂ ಅದು ಹೇಳಿತು. ನಟರು ತಮ್ಮ ನಿಜನಾಮಗಳನ್ನೇ ಇರಿಸಿಕೊಂಡು, ಬಹುಪಾಲು ದೃಶ್ಯಗಳನ್ನು ತಾವೇ ಚಿತ್ರಿಸಿದ್ದರು. ಅತ್ಯಲ್ಪ ಬಂಡವಾಳದ ಆ ಚಿತ್ರವು ಸುಮಾರು 25 ಕೋಟಿ ಡಾಲರ್ ಗಳಿಸಿದಾಗ ಇಡೀ ಉದ್ಯಮವೇ ಬೆರಗಾಯಿತು. 2007ರಲ್ಲಿ ಓರೆನ್ ಪೆಲಿ ಎಂಬವರು ಸುಮಾರು 15,000 ಡಾಲರ್ ವೆಚ್ಚದಲ್ಲಿ ತೆಗೆದ 'ಪ್ಯಾರಾನಾರ್ಮಲ್ ಆಕ್ಟಿವಿಟಿ', 2009ರಲ್ಲಿ ವ್ಯಾಪಕವಾಗಿ ಬಿಡುಗಡೆಯಾಗಿ 19 ಕೋಟಿ ಡಾಲರ್‌ಗೂ ಮಿಕ್ಕಿ ಗಳಿಸಿತು. 2008ರ 'ಕ್ಲೋವರ್‌ಫೀಲ್ಡ್' ಚಿತ್ರದಲ್ಲಿ ನ್ಯೂಯಾರ್ಕ್ ನಗರದ ಮೇಲೆ ದೈತ್ಯಪ್ರಾಣಿಯೊಂದು ಎರಗುವುದನ್ನು ಒಬ್ಬ ಸಾಮಾನ್ಯ ಯುವಕನ ಕೈಕ್ಯಾಮೆರಾದ ಮೂಲಕ ತೋರಿಸಲಾಯಿತು. ನಮ್ಮ ಕನ್ನಡದಲ್ಲಿಯೂ 2013ರಲ್ಲಿ ಕೆ. ಎಸ್. ಅಶೋಕ ಅವರ ನಿರ್ದೇಶನದ '6-5=2' ಎಂಬ ಚಿತ್ರವು, ಚಾರಣಕ್ಕೆ ಹೋದ ಗೆಳೆಯರ ದೃಶ್ಯಾವಳಿ ಸಿಕ್ಕಿತೆಂಬ ಇದೇ ಕಟ್ಟಿನಲ್ಲಿ ತೆರೆ ಕಂಡು, ಮುಂದೆ ಹಿಂದಿಗೂ ಹೋಯಿತು.

ಇವೆಲ್ಲವೂ ಭಯದ ಕಥೆಗಳೆಂಬುದು ಗಮನಾರ್ಹ. ಭಯಕ್ಕೆ ಬೇಕಾದುದು ಕತ್ತಲೆ, ಅಸ್ಪಷ್ಟತೆ, ಕಾಣದಿರುವಿಕೆ. ನಡುಗುವ ಕೈಯ ಕ್ಯಾಮೆರಾ ಅದನ್ನು ಧಾರಾಳವಾಗಿ ಒದಗಿಸುತ್ತದೆ. ಅತಿಮಾನವನ ಕಥೆಗೆ ಬೇಕಾದುದೋ ಇದಕ್ಕೆ ತದ್ವಿರುದ್ಧ. ಅವನು ಹಾರುವುದು ಕಾಣಬೇಕು, ಎತ್ತುವುದು ಕಾಣಬೇಕು. ಹೀಗಿರುವಾಗ ಎರಡನ್ನೂ ಬೆಸೆಯುವುದು ಸುಲಭಸಾಧ್ಯವಾದ ಕಾರ್ಯವಾಗಿರಲಿಲ್ಲ.

ಕಥೆಯ ಸ್ವರೂಪ

'ಕ್ರಾನಿಕಲ್' 2012ರ ಫೆಬ್ರವರಿ 3ರಂದು ಅಮೆರಿಕದಲ್ಲಿ ಬಿಡುಗಡೆಯಾಯಿತು. ನಿರ್ದೇಶಕ ಜೋಶ್ ಟ್ರ್ಯಾಂಕ್ ಅವರಿಗೆ ಆಗ 27ರ ಹರೆಯ. ಇದು ಅವರ ಮೊದಲ ಪೂರ್ಣಪ್ರಮಾಣದ ಚಿತ್ರ. ಚಿತ್ರಕಥೆಯನ್ನು ಬರೆದವರು ಮ್ಯಾಕ್ಸ್ ಲ್ಯಾಂಡಿಸ್. ಕಥೆ ನಡೆಯುವುದು ಸಿಯಾಟಲ್ ನಗರದಲ್ಲಾದರೂ ಚಿತ್ರೀಕರಣದ ಬಹುಭಾಗ ನಡೆದದ್ದು ದಕ್ಷಿಣ ಆಫ್ರಿಕದ ಕೇಪ್‌ಟೌನಿನಲ್ಲಿ. ಚಿತ್ರದ ಅವಧಿ ಒಂದೂವರೆ ಗಂಟೆಗಿಂತಲೂ ಕಡಿಮೆ.

ಆಂಡ್ರೂ ಎಂಬ ಹದಿಹರೆಯದ ಬಾಲಕ ಕಥೆಯ ಕೇಂದ್ರ. ತಾಯಿ ಕ್ಯಾನ್ಸರ್ ರೋಗದಿಂದ ಹಾಸಿಗೆ ಹಿಡಿದಿದ್ದಾಳೆ. ತಂದೆ ಹಿಂದೆ ಅಗ್ನಿಶಾಮಕ ದಳದಲ್ಲಿದ್ದವನು. ಈಗ ಕೆಲಸವಿಲ್ಲದೆ, ಕುಡಿತಕ್ಕೆ ಬಿದ್ದು, ಮಗನನ್ನು ಹೊಡೆಯುವವನು. ಶಾಲೆಯಲ್ಲಿ ಬಾಲಕನಿಗೆ ಅಪಹಾಸ್ಯವಲ್ಲದೆ ಬೇರೇನೂ ದೊರೆಯುವುದಿಲ್ಲ. ಇಂತಹವನು ಒಂದು ಕ್ಯಾಮೆರಾವನ್ನು ಕೊಂಡು, ಇನ್ನು ಮೇಲೆ ಎಲ್ಲವನ್ನೂ ಚಿತ್ರಿಸುವೆನೆಂದು ನಿಶ್ಚಯಿಸುತ್ತಾನೆ. ಚಿತ್ರದ ಮೊದಲ ದೃಶ್ಯದಲ್ಲಿಯೇ ಮುಚ್ಚಿದ ಬಾಗಿಲ ಹೊರಗೆ ತಂದೆ ಅಬ್ಬರಿಸುತ್ತಿದ್ದಾನೆ, ಒಳಗೆ ಮಗ ಕ್ಯಾಮೆರಾವನ್ನು ಹೂಡಿ ನಿಂತಿದ್ದಾನೆ.

ಒಂದು ರಾತ್ರಿ ಆಂಡ್ರೂ, ಅವನ ದಾಯಾದಿ ಮ್ಯಾಟ್, ಶಾಲೆಯ ಜನಪ್ರಿಯ ವಿದ್ಯಾರ್ಥಿ ಸ್ಟೀವ್, ಈ ಮೂವರೂ ನೆಲದಲ್ಲಿನ ಬಿಲವೊಂದಕ್ಕೆ ಇಳಿಯುತ್ತಾರೆ. ಅಲ್ಲಿ ಹೊಳೆಯುವ ಹರಳಿನಂತಹ ವಸ್ತುವೊಂದು ಕಾಣುತ್ತದೆ. ಅವರ ಮೂಗಿನಿಂದ ನೆತ್ತರು ಸುರಿಯುತ್ತದೆ, ಕ್ಯಾಮೆರಾ ಕೆಟ್ಟುಹೋಗುತ್ತದೆ. ಆ ಬಳಿಕ ಮೂವರಿಗೂ ವಸ್ತುಗಳನ್ನು ಮುಟ್ಟದೆ ಚಲಿಸುವ ಶಕ್ತಿ ಬಂದಿದೆ. ಸ್ನಾಯುವಿನಂತೆ ಅದು ಬಳಸಿದಷ್ಟೂ ಬಲಿಯುತ್ತದೆ. ಮೊದಲು ಆಟಿಕೆಗಳ ಆಟ, ಅನಂತರ ಅಂಗಡಿ ಮುಂಗಟ್ಟುಗಳಲ್ಲಿ ಹುಡುಗಾಟ, ಆಮೇಲೆ ಆಕಾಶದಲ್ಲಿ ಹಾರಾಟ.

ಹಿಂದಿನಿಂದ ಬಂದು ಪೀಡಿಸಿದ ವಾಹನವೊಂದನ್ನು ಆಂಡ್ರೂ ಸಿಟ್ಟಿನಲ್ಲಿ ರಸ್ತೆಯಿಂದ ನೀರಿಗೆ ತಳ್ಳಿದಾಗ ಆಟ ನಿಲ್ಲುತ್ತದೆ. ಚಾಲಕನನ್ನು ಎತ್ತಿ ಬದುಕಿಸಿದ ಮೇಲೆ ಮ್ಯಾಟ್ ಮೂರು ನಿಯಮಗಳನ್ನು ವಿಧಿಸುತ್ತಾನೆ: ಜೀವಿಗಳ ಮೇಲೆ ಶಕ್ತಿಯನ್ನು ಪ್ರಯೋಗಿಸಬಾರದು, ಸಿಟ್ಟಿನಲ್ಲಿ ಬಳಸಬಾರದು, ಬಹಿರಂಗದಲ್ಲಿ ತೋರಬಾರದು. ಆಂಡ್ರೂ ಒಂದೊಂದಾಗಿ ಮೂರನ್ನೂ ಮೀರುವುದೇ ಮುಂದಿನ ಕಥೆ. ಬಿರುಗಾಳಿಯ ನಡುವೆ ಸಮಾಧಾನ ಹೇಳಬಂದ ಸ್ಟೀವ್ ಸಿಡಿಲಿಗೆ ಬಲಿಯಾಗುತ್ತಾನೆ. ತಾಯಿಯ ಔಷಧಿಗಾಗಿ ಆಂಡ್ರೂ, ತಂದೆಯ ಹಳೆಯ ಅಗ್ನಿಶಾಮಕ ಉಡುಪನ್ನು ತೊಟ್ಟು ದರೋಡೆಗೆ ಇಳಿಯುತ್ತಾನೆ. ಪೆಟ್ರೋಲ್ ಬಂಕ್ ಸ್ಫೋಟಗೊಂಡು, ಸುಟ್ಟ ಗಾಯಗಳೊಡನೆ ಆಸ್ಪತ್ರೆಗೆ ಸೇರುತ್ತಾನೆ. ತಾಯಿ ತೀರಿಕೊಂಡಳೆಂಬ ಸುದ್ದಿಯನ್ನು ತಂದ ತಂದೆಯು ಮಗನನ್ನೇ ದೂರುತ್ತಾನೆ. ಆಗ ಸಿಡಿದೆದ್ದ ಬಾಲಕ ನಗರವನ್ನೇ ಧ್ವಂಸಮಾಡತೊಡಗಲು, ಅವನನ್ನು ತಡೆಯಲು ಬೇರೆ ದಾರಿ ಕಾಣದೆ ಮ್ಯಾಟ್‌ನೇ ಅವನನ್ನು ಕೊಲ್ಲಬೇಕಾಗುತ್ತದೆ.

ಬಲಗಳು

ಈ ರೀತಿಯ ಮೊದಲನೆಯ ಬಲವೆಂದರೆ ಮಿತವ್ಯಯ. 'ಕ್ರಾನಿಕಲ್' ಚಿತ್ರಕ್ಕೆ ತಗುಲಿದ ವೆಚ್ಚ ಸುಮಾರು 1 ಕೋಟಿ 20 ಲಕ್ಷ ಡಾಲರ್. ಅದೇ ವರುಷ ಬಂದ 'ದ ಅವೆಂಜರ್ಸ್' ಚಿತ್ರಕ್ಕೆ ಸುಮಾರು 22 ಕೋಟಿ ಡಾಲರ್ ವ್ಯಯವಾಗಿತ್ತು. ಹದಿನೆಂಟರಲ್ಲಿ ಒಂದು ಪಾಲಿನಷ್ಟೇ ಖರ್ಚಿನ ಚಿತ್ರವು ಸುಮಾರು 12 ಕೋಟಿ 60 ಲಕ್ಷ ಡಾಲರ್ ಗಳಿಸಿತು. ಇದು ವ್ಯಾಪಾರದ ಲೆಕ್ಕ ಮಾತ್ರವಲ್ಲ. ದೊಡ್ಡ ಬಂಡವಾಳದ ಚಿತ್ರವು ಎಲ್ಲರನ್ನೂ ಮೆಚ್ಚಿಸಬೇಕಾಗುತ್ತದೆ. ಕಡೆಯಲ್ಲಿ ನಾಯಕ ಗೆಲ್ಲಲೇಬೇಕಾಗುತ್ತದೆ. ಸಣ್ಣ ಬಂಡವಾಳದ ಚಿತ್ರಕ್ಕೆ ದುಃಖಾಂತವನ್ನು ಆಯ್ದುಕೊಳ್ಳುವ ಸ್ವಾತಂತ್ರ್ಯ ಉಂಟು.

ಎರಡನೆಯದು, ಅದ್ಭುತವನ್ನು ಸಹಜವಾಗಿಸುವ ಗುಣ. ಸಾಮಾನ್ಯ ಚಿತ್ರದಲ್ಲಿ ನಾಯಕ ಹಾರಿದರೆ ಹಿನ್ನೆಲೆಯಲ್ಲಿ ವಾದ್ಯಗಳು ಮೊಳಗುತ್ತವೆ, ಕ್ಯಾಮೆರಾ ಅವನನ್ನು ಸುತ್ತುತ್ತದೆ, ಪ್ರೇಕ್ಷಕನಿಗೆ ಮೊದಲೇ ಸೂಚನೆ ಸಿಕ್ಕಿರುತ್ತದೆ. ಇಲ್ಲಿಯಾದರೋ ಗೆಳೆಯರ ನಗುವಿನ ನಡುವೆ, ಎಲ್ಲಿಯೋ ಓರೆಯಾಗಿ ಹಿಡಿದ ಚೌಕಟ್ಟಿನ ಮೂಲೆಯಲ್ಲಿ, ಚೆಂಡೊಂದು ಗಾಳಿಯಲ್ಲಿ ನಿಂತುಬಿಡುತ್ತದೆ. ಬೀಳುವುದನ್ನು ಕಲಿತು, ಎದ್ದು, ಕಡೆಗೆ ಮೋಡಗಳ ನಡುವೆ ಚೆಂಡಾಡುವ ಮೂವರು ಬಾಲಕರ ಆನಂದವನ್ನು ನೋಡುವಾಗ ನಮ್ಮ ಮನಸ್ಸೂ ಹಗುರಾಗುತ್ತದೆ. ಚಿತ್ರದ ಒರಟುತನವೇ ಅದರ ಪ್ರಾಮಾಣ್ಯ. ಮದುವೆಮನೆಯ ವಿಡಿಯೋದಲ್ಲಿ ಅಲುಗಾಡುವ ದೃಶ್ಯವನ್ನು ನಾವು ಹೇಗೆ ಸಂಶಯಿಸುವುದಿಲ್ಲವೋ ಹಾಗೆಯೇ ಇದನ್ನೂ ಸಂಶಯಿಸುವುದಿಲ್ಲ.

ಮೂರನೆಯದು, ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದುದು: ಕ್ಯಾಮೆರಾ ಇಲ್ಲಿ ಪಾತ್ರದ ಮನಸ್ಸಿನ ಕನ್ನಡಿಯಾಗುತ್ತದೆ. ಪ್ರಾರಂಭದಲ್ಲಿ ಅದು ಆಂಡ್ರೂವಿನ ಭುಜದ ಮೇಲಿದೆ. ಅವನು ಕಾಣುವುದೇ ಕಡಿಮೆ, ಅವನು ಕಂಡದ್ದು ಮಾತ್ರ ಕಾಣುತ್ತದೆ. ಶಕ್ತಿ ಬಲಿತಂತೆ ಅವನು ಕ್ಯಾಮೆರಾವನ್ನು ಮುಟ್ಟದೆ ಗಾಳಿಯಲ್ಲಿ ತೇಲಿಸತೊಡಗುತ್ತಾನೆ. ಆ ಕ್ಷಣದಿಂದ ದೃಶ್ಯಗಳು ನಡುಗುವುದನ್ನು ಬಿಟ್ಟು ನುಣುಪಾಗುತ್ತವೆ, ಮೇಲಿನಿಂದ ನೋಡತೊಡಗುತ್ತವೆ, ಮತ್ತು ಆಂಡ್ರೂ ಸ್ವತಃ ಚೌಕಟ್ಟಿನ ನಡುವಿಗೆ ಬರುತ್ತಾನೆ. ಲೋಕವನ್ನು ನೋಡುತ್ತಿದ್ದವನು ಈಗ ತನ್ನನ್ನೇ ನೋಡುತ್ತಿದ್ದಾನೆ. ಕಡೆಯ ಹೋರಾಟದಲ್ಲಿ, 1962ರ ವಿಶ್ವಮೇಳಕ್ಕಾಗಿ ಕಟ್ಟಿದ ಸಿಯಾಟಲಿನ ಸ್ಪೇಸ್ ನೀಡಲ್ ಗೋಪುರದ ಬಳಿ, ಅವನು ಪ್ರವಾಸಿಗರ ಕೈಯಲ್ಲಿದ್ದ ಕ್ಯಾಮೆರಾ, ಫೋನುಗಳನ್ನೆಲ್ಲ ಸೆಳೆದುಕೊಂಡು ತನ್ನ ಸುತ್ತಲೂ ಗ್ರಹಗಳಂತೆ ತಿರುಗಿಸುತ್ತಾನೆ. ಒಬ್ಬನ ಅಹಂಕಾರವು ಬೆಳೆದ ಬಗೆಯನ್ನು ಒಂದು ಮಾತಿಲ್ಲದೆ, ಕೇವಲ ಕ್ಯಾಮೆರಾ ಇರುವ ಸ್ಥಳದಿಂದಲೇ ತಿಳಿಸಿದ ಉದಾಹರಣೆಗಳು ಚಿತ್ರರಂಗದಲ್ಲಿ ವಿರಳ.

ನಾಲ್ಕನೆಯದಾಗಿ, ಶಕ್ತಿಯು ಒಂದೇ ಆದರೂ ಮೂವರಲ್ಲಿ ಮೂರು ಬಗೆಯಾಗುವುದನ್ನು ಈ ಹತ್ತಿರದ ನೋಟ ಸ್ಪಷ್ಟಪಡಿಸುತ್ತದೆ. ಸ್ಟೀವನಿಗೆ ಅದು ವಿನೋದ, ಮ್ಯಾಟನಿಗೆ ಹೊಣೆ, ಆಂಡ್ರೂವಿಗೆ ಗಾಯದ ಮೇಲಿನ ಮುಲಾಮು. ಶಕ್ತಿಯು ಯಾರನ್ನೂ ಕೆಡಿಸುವುದಿಲ್ಲ. ಒಳಗೆ ಇದ್ದುದನ್ನು ದೊಡ್ಡದು ಮಾಡುತ್ತದೆ ಅಷ್ಟೆ. ಜೇಡವೊಂದನ್ನು ಮುಟ್ಟದೆ ಅಂಗಾಂಗಗಳನ್ನು ಬೇರ್ಪಡಿಸುವ ದೃಶ್ಯವನ್ನೂ, ಸಿಂಹಕ್ಕೆ ಜಿಂಕೆಯನ್ನು ಕೊಂದ ಪಶ್ಚಾತ್ತಾಪವಿಲ್ಲವಾದ್ದರಿಂದ ತನಗೂ ಬೇಕಿಲ್ಲವೆಂಬ ಅವನ ವಾದವನ್ನೂ ನೋಡಿದ ಪ್ರೇಕ್ಷಕನಿಗೆ ಮುಂದಾಗುವ ಅನಾಹುತವು ಆಕಸ್ಮಿಕವೆನಿಸುವುದಿಲ್ಲ.

ಕುಂದುಗಳು

ಇಷ್ಟೆಲ್ಲ ಬಲಗಳಿದ್ದರೂ ಈ ರೀತಿಗೆ ಹುಟ್ಟಿನಿಂದಲೇ ಅಂಟಿಬಂದ ಕುಂದುಗಳಿವೆ. ಪ್ರಾಣಕ್ಕೆ ಸಂಚಕಾರ ಬಂದಾಗಲೂ ಇವರು ಚಿತ್ರಿಸುತ್ತಿರುವುದೇಕೆ ಎಂಬ ಪ್ರಶ್ನೆ ಅವುಗಳಲ್ಲಿ ಮೊದಲನೆಯದು. ಬೆಂಕಿ ಬಿದ್ದ ಮನೆಯಲ್ಲಿ ಮನುಷ್ಯನು ಮೊದಲು ಮಗುವನ್ನು ಎತ್ತಿಕೊಳ್ಳುತ್ತಾನೆಯೇ ವಿನಾ ಕ್ಯಾಮೆರಾವನ್ನಲ್ಲ. 'ಕ್ರಾನಿಕಲ್' ಚಿತ್ರವು ಆಂಡ್ರೂವಿನ ಮಟ್ಟಿಗೆ ಇದಕ್ಕೆ ಒಳ್ಳೆಯ ಉತ್ತರವನ್ನು ಕೊಟ್ಟಿದೆ: ಕ್ಯಾಮೆರಾ ಅವನಿಗೂ ಲೋಕಕ್ಕೂ ನಡುವಣ ಗೋಡೆ. ಆದರೆ ಆಂಡ್ರೂ ಇಲ್ಲದ ದೃಶ್ಯಗಳಿಗೂ ಕ್ಯಾಮೆರಾ ಬೇಕಲ್ಲ? ಅದಕ್ಕಾಗಿ ಕೇಸಿ ಎಂಬ ತರುಣಿಯೊಬ್ಬಳನ್ನು ತಂದು, ಅವಳಿಗೂ ಎಲ್ಲವನ್ನೂ ಚಿತ್ರಿಸುವ ಹವ್ಯಾಸವನ್ನು ಅಂಟಿಸಲಾಗಿದೆ. ಅವಳು ಕಥೆಗೆ ಬೇಕಾದವಳಲ್ಲ, ಕ್ಯಾಮೆರಾಕ್ಕೆ ಬೇಕಾದವಳು. ಹೀಗಾಗಿ ಅವಳ ವ್ಯಕ್ತಿತ್ವವು ಕೊನೆಯವರೆಗೂ ತೆಳುವಾಗಿಯೇ ಉಳಿಯುತ್ತದೆ.

ಇವನ್ನೆಲ್ಲ ಜೋಡಿಸಿದವರು ಯಾರು ಎಂಬುದು ಎರಡನೆಯ ಪ್ರಶ್ನೆ. ಕಡೆಯ ಅರ್ಧ ಗಂಟೆಯಲ್ಲಿ ಅಂಗಡಿಗಳ ಕಾವಲು ಕ್ಯಾಮೆರಾ, ಪೊಲೀಸರ ವಾಹನದ ಕ್ಯಾಮೆರಾ, ಸುದ್ದಿವಾಹಿನಿಯ ಹೆಲಿಕಾಪ್ಟರ್, ದಾರಿಹೋಕರ ಫೋನು, ಹೀಗೆ ಹತ್ತಾರು ಕಡೆಗಳಿಂದ ದೃಶ್ಯಗಳು ಬಂದು ಕೂಡಿಕೊಳ್ಳುತ್ತವೆ. ಇವನ್ನು ಯಾರೋ ಒಬ್ಬರು ಸಂಗ್ರಹಿಸಿ ಕ್ರಮಪಡಿಸಿರಬೇಕು. ಅವರು ಯಾರು, ಏಕೆ, ಯಾರಿಗಾಗಿ ಎಂಬುದನ್ನು ಚಿತ್ರವು ಹೇಳುವುದೇ ಇಲ್ಲ. ಡ್ರಾಕುಲಾ ಕಾದಂಬರಿಯಲ್ಲಿ ಪತ್ರಗಳನ್ನೂ ದಿನಚರಿಗಳನ್ನೂ ಒಟ್ಟುಗೂಡಿಸುವ ಕೆಲಸವನ್ನು ಮೀನಾ ಎಂಬ ಪಾತ್ರವೇ ಮಾಡುತ್ತಾಳೆ. ನೂರು ವರುಷಕ್ಕೂ ಹಿಂದಿನ ಆ ಲೇಖಕ ವಹಿಸಿದ ಎಚ್ಚರವನ್ನು ಈ ಚಿತ್ರಕಾರರು ವಹಿಸಲಿಲ್ಲ. ಸಿಕ್ಕಿದ ಚಿತ್ರಸುರುಳಿ ಎಂಬ ಒಪ್ಪಂದವು ಅಲ್ಲಿಗೆ ಸಡಿಲವಾಗಿ, ನಾವು ನೋಡುತ್ತಿರುವುದು ಮತ್ತೆ ಸಾಮಾನ್ಯ ಚಿತ್ರವೇ ಆಗಿಬಿಡುತ್ತದೆ.

ಮೂರನೆಯದು ಕಣ್ಣಿಗೆ ಆಗುವ ಆಯಾಸ. ಕ್ಲೋವರ್‌ಫೀಲ್ಡ್ ನೋಡಿದವರಲ್ಲಿ ಕೆಲವರಿಗೆ ತಲೆಸುತ್ತು, ವಾಕರಿಕೆಗಳು ಬಂದುದುಂಟು. 'ಕ್ರಾನಿಕಲ್' ಕ್ಯಾಮೆರಾವನ್ನು ತೇಲಿಸುವ ಉಪಾಯದಿಂದ ಈ ತೊಡಕನ್ನು ಬಹುಮಟ್ಟಿಗೆ ದಾಟಿತು. ಆದರೆ ಎಲ್ಲ ಕಥೆಗಳಿಗೂ ಅಂತಹ ಉಪಾಯ ಒದಗುವುದಿಲ್ಲ. 2013ರಲ್ಲಿ ಕೆನಡಾದ ಡೆರೆಕ್ ಲೀ ಮತ್ತು ಕ್ಲಿಫ್ ಪ್ರೌಸ್ ಎಂಬ ಗೆಳೆಯರಿಬ್ಬರು ತಾವೇ ನಟಿಸಿ ನಿರ್ದೇಶಿಸಿದ 'ಅಫ್ಲಿಕ್ಟೆಡ್' ಚಿತ್ರದಲ್ಲಿ, ಪ್ರಪಂಚ ಪರ್ಯಟನೆಗೆ ಹೊರಟ ತರುಣನೊಬ್ಬನಿಗೆ ರೋಗದ ರೂಪದಲ್ಲಿ ಅಮಾನುಷ ಬಲ ಬರುತ್ತದೆ. ಅವನು ಗೋಡೆಗಳನ್ನೇರಿ ಛಾವಣಿಗಳ ಮೇಲೆ ಓಡುವುದನ್ನು ಅವನ ಮೈಗೇ ಕಟ್ಟಿದ ಕ್ಯಾಮೆರಾದಿಂದ ನಾವು ಕಾಣುತ್ತೇವೆ. ಓಡುತ್ತಿರುವವನ ಅನುಭವ ನಮಗೆ ದಕ್ಕುತ್ತದೆ, ನಿಜ. ಆದರೆ ಆ ಓಟದ ಸೊಬಗು ದಕ್ಕುವುದಿಲ್ಲ. ಅತಿಮಾನವನ ಸಾಹಸಕ್ಕೆ ದೂರದ ನೋಟವೂ ಬೇಕೆಂಬುದು ಇಂತಹ ಕಡೆ ಅರಿವಿಗೆ ಬರುತ್ತದೆ.

ನಾಲ್ಕನೆಯದು, ಕ್ಯಾಮೆರಾ ಹಿಡಿದವನ ಲೋಕದಾಚೆಗೆ ನೋಡಲಾರದ ಮಿತಿ. ಆಂಡ್ರೂವಿನ ತಾಯಿಯನ್ನು ನಾವು ಹಾಸಿಗೆಯಲ್ಲಿ ಮಾತ್ರ ಕಾಣುತ್ತೇವೆ. ಅವಳು ಏನನ್ನು ಯೋಚಿಸುತ್ತಿದ್ದಳು, ಗಂಡನ ಕೋಪದ ನಡುವೆ ಮಗನನ್ನು ಬಿಟ್ಟುಹೋಗುವ ಸಂಕಟವನ್ನು ಹೇಗೆ ತಡೆದುಕೊಂಡಳು ಎಂಬುದು ನಮಗೆ ತಿಳಿಯದು. ತಂದೆಯೂ ಅಷ್ಟೆ. ಜನರನ್ನು ಬೆಂಕಿಯಿಂದ ಉಳಿಸುವ ದಳದಲ್ಲಿ ದುಡಿದವನೊಬ್ಬನು ಮನೆಯೊಳಗೆ ತಾನೇ ಬೆಂಕಿಯಾದುದು ಹೇಗೆ? ಒಳ್ಳೆಯ ಕಾದಂಬರಿಕಾರನೊಬ್ಬನು ಅವನ ಮನಸ್ಸಿನೊಳಗೂ ಒಮ್ಮೆ ಇಣುಕಿ ನೋಡುತ್ತಿದ್ದನು. ಈ ರೀತಿಯ ಚಿತ್ರಕ್ಕೆ ಆ ಭಾಗ್ಯವಿಲ್ಲ.

ಮುಖವಾಡವೋ, ಕ್ಯಾಮೆರಾವೋ?

ಈಗ ಮೂಲಪ್ರಶ್ನೆಗೆ ಬರಬಹುದು. ಸಿಕ್ಕಿದ ದೃಶ್ಯಾವಳಿಯ ರೀತಿಯಲ್ಲಿ ಅತಿಮಾನವರ ಚಿತ್ರಗಳು ಬೆರಳೆಣಿಕೆಯಷ್ಟೂ ಏಕೆ ಬೆಳೆಯಲಿಲ್ಲ? ಇದಕ್ಕೆ ಕಾರಣವನ್ನು ಅತಿಮಾನವನ ಸ್ವಭಾವದಲ್ಲಿಯೇ ಹುಡುಕಬೇಕು.

1938ರಲ್ಲಿ ಕಾಣಿಸಿಕೊಂಡ ಸೂಪರ್‌ಮ್ಯಾನ್ ಸಾಧಾರಣ ಪತ್ರಕರ್ತನ ವೇಷದಲ್ಲಿ ಬದುಕುತ್ತಾನೆ. 1962ರಲ್ಲಿ ಹುಟ್ಟಿದ ಸ್ಪೈಡರ್‌ಮ್ಯಾನ್ ಮುಖವನ್ನೇ ಮುಚ್ಚಿಕೊಂಡಿದ್ದಾನೆ. ಪರೋಪಕಾರ ಮಾಡುವವನು ತನ್ನನ್ನು ಮರೆಮಾಡಿಕೊಳ್ಳಬೇಕೆಂಬುದು ಈ ಕಥೆಗಳ ಬುನಾದಿ. ಸ್ಪೈಡರ್‌ಮ್ಯಾನನ ಸ್ಥಿತಿಯಂತೂ ಇಲ್ಲಿ ಹೋಲಿಕೆಗೆ ಬಹಳ ಒಪ್ಪುತ್ತದೆ. ಬಡತನದ ಮನೆಯ ಪೀಟರ್ ಪಾರ್ಕರ್ ತನ್ನ ಸಾಹಸಗಳ ಛಾಯಾಚಿತ್ರಗಳನ್ನು ತಾನೇ ತೆಗೆದು ಪತ್ರಿಕೆಗೆ ಮಾರುತ್ತಾನೆ. ಆದರೆ ಅದರ ಉದ್ದೇಶ ಮುದಿಯಾದ ದೊಡ್ಡಮ್ಮನ ಮನೆಯನ್ನು ನಡೆಸುವುದು. ಚಿತ್ರದಲ್ಲಿ ಕಾಣುವುದು ಮುಖವಾಡವೇ ಹೊರತು ಅವನ ಮುಖವಲ್ಲ. ಕ್ಯಾಮೆರಾ ಅವನಿಗೂ ಇದೆ, ಆದರೆ ಅವನು ಅದರ ದಾಸನಲ್ಲ.

ಆಂಡ್ರೂವಿನ ಕಥೆ ಇದರ ವಿಪರ್ಯಯ. ಅವನಿಗೆ ಮುಖವಾಡವಿಲ್ಲ, ಇರುವುದು ಕ್ಯಾಮೆರಾ ಮಾತ್ರ. ಮುಖವಾಡ ಧರಿಸಿದವನು ತನ್ನನ್ನು ಮರೆತು ಕಾರ್ಯವನ್ನು ನೋಡುತ್ತಾನೆ. ತನ್ನನ್ನೇ ಚಿತ್ರಿಸಿಕೊಳ್ಳುವವನು ಕಾರ್ಯವನ್ನು ಮರೆತು ತನ್ನನ್ನು ನೋಡುತ್ತಾನೆ. ಆದುದರಿಂದ ಈ ಕಥನರೀತಿಯು ನಾಯಕನ ಉದಯಕ್ಕಿಂತ ಪತನವನ್ನು ತೋರಿಸಲು ಹೆಚ್ಚು ಸಮರ್ಥವಾಗಿದೆ. ಚಿತ್ರದಲ್ಲಿ ನಿಜವಾದ ವೀರನಾಗುವವನು ಮ್ಯಾಟ್. ಅವನು ಕ್ಯಾಮೆರಾವನ್ನು ಇಷ್ಟಪಡದವನು. ಹಾಗಾಗಿಯೇ ನಮಗೆ ಅವನ ಅಂತರಂಗದ ಪರಿಚಯ ಅಷ್ಟಾಗಿ ಆಗುವುದಿಲ್ಲ. ಒಳ್ಳೆಯವನು ಚೌಕಟ್ಟಿನ ಹೊರಗೇ ಉಳಿದುಬಿಡುವುದು ಈ ರೀತಿಯ ಅನಿವಾರ್ಯ ಕೊರತೆ. ಕಟ್ಟಕಡೆಯ ದೃಶ್ಯದಲ್ಲಿ ಮ್ಯಾಟ್, ಆಂಡ್ರೂ ನೋಡಬಯಸಿದ್ದ ಟಿಬೆಟ್ಟಿಗೆ ಅವನ ಕ್ಯಾಮೆರಾವನ್ನು ಒಯ್ದು, ಸತ್ತವನೊಡನೆ ನಾಲ್ಕು ಮಾತನಾಡಿ, ಅದನ್ನು ಹಿಮದಲ್ಲಿಯೇ ಬಿಟ್ಟು ಹಾರಿಹೋಗುತ್ತಾನೆ. ಅವನ ಒಳ್ಳೆಯ ಕಾರ್ಯಗಳು ಅಲ್ಲಿಂದ ಮೊದಲಾಗಬೇಕು. ಅವನ್ನು ಚಿತ್ರಿಸುವವರು ಯಾರೂ ಇರುವುದಿಲ್ಲ. ಈ ಮುಕ್ತಾಯವು ತನ್ನ ರೀತಿಯ ಮಿತಿಯನ್ನು ತಾನೇ ಅರಿತ ಚಿತ್ರವೊಂದರ ಮುಕ್ತಾಯ.

ಇದೇ ನಿರ್ದೇಶಕರಿಗೆ ಮುಂದೆ 2015ರಲ್ಲಿ 'ಫೆಂಟಾಸ್ಟಿಕ್ ಫೋರ್' ಎಂಬ ಭಾರಿ ವೆಚ್ಚದ ಚಿತ್ರವನ್ನು ಒಪ್ಪಿಸಲಾಯಿತು. ಅದು ಸಾಮಾನ್ಯ ರೀತಿಯ ಚಿತ್ರವಾಗಿದ್ದು, ವಿಮರ್ಶಕರಿಂದಲೂ ಪ್ರೇಕ್ಷಕರಿಂದಲೂ ತಿರಸ್ಕೃತವಾಯಿತು. ಕಿರಿದಾದ ಚೌಕಟ್ಟು ಕೊಟ್ಟಿದ್ದ ಏಕಾಗ್ರತೆಯನ್ನು ಹಿರಿದಾದ ಹಣ ಕೊಡಲಾರದೆ ಹೋಯಿತು.

ಮನೆಯವರಿಗೆ ಒಂದು ಮಾತು

ಅಮೆರಿಕದಲ್ಲಿ ಈ ಚಿತ್ರಕ್ಕೆ, ಹದಿಮೂರಕ್ಕಿಂತ ಕಿರಿಯ ಮಕ್ಕಳ ವಿಷಯದಲ್ಲಿ ಪೋಷಕರು ಎಚ್ಚರ ವಹಿಸಬೇಕೆಂಬ ಪ್ರಮಾಣಪತ್ರವಿದೆ. ಹೊಡೆತ, ಕುಡಿತ, ಸಾವುಗಳಿರುವ ಕಾರಣ ಎಳೆಯ ಮಕ್ಕಳಿಗೆ ಇದು ತಕ್ಕುದಲ್ಲ. ಆದರೆ ಹದಿಹರೆಯದ ಮಕ್ಕಳೊಡನೆ ಹಿರಿಯರು ಕುಳಿತು ನೋಡಿ, ಬಳಿಕ ಮಾತನಾಡಲು ಇಲ್ಲಿ ಸಾಕಷ್ಟು ವಿಷಯವಿದೆ. ಮ್ಯಾಟ್ ವಿಧಿಸಿದ ಮೂರು ನಿಯಮಗಳು ಏಕೆ ಸಾಲದೆ ಹೋದವು? ಆಂಡ್ರೂವಿನ ಕೈಹಿಡಿಯಬಹುದಾಗಿದ್ದವರು ಯಾರು, ಯಾವಾಗ? ಇಂತಹ ಪ್ರಶ್ನೆಗಳನ್ನು ಮಕ್ಕಳ ಮುಂದಿಟ್ಟರೆ ಅವರಿಂದ ಬರುವ ಉತ್ತರಗಳು ಹಿರಿಯರಿಗೇ ಪಾಠವಾಗಬಹುದು.

ನಾವು ಈ ಚಿತ್ರವನ್ನು ನೋಡಿ, ಕ್ಯಾಮೆರಾ ಕೆಟ್ಟದ್ದೆಂದು ತೀರ್ಮಾನಿಸಿದರೆ ಅದು ಅವಸರದ ತೀರ್ಪಾದೀತು. ಆಂಡ್ರೂ ತನ್ನ ಮನೆಯ ಸಂಕಟವನ್ನೆಲ್ಲ ಚಿತ್ರಿಸಿದ್ದನು. ತಂದೆಯ ಹೊಡೆತ, ತಾಯಿಯ ನರಳಾಟ, ಶಾಲೆಯ ಅವಮಾನ, ಯಾವುದೂ ಬಿಟ್ಟುಹೋಗಿರಲಿಲ್ಲ. ಬಾಯಿಬಿಟ್ಟು ಹೇಳಲಾಗದುದನ್ನು ಅವನು ಈ ರೂಪದಲ್ಲಿ ಕೂಡಿಡುತ್ತಿದ್ದನು. ಅದನ್ನು ನೋಡಿ, ಇದೇನು ಮಗು ಎಂದು ಕೇಳುವ ಒಬ್ಬ ಹಿರಿಯನೂ ಅವನಿಗೆ ದೊರೆಯಲಿಲ್ಲ. ಎಲ್ಲವೂ ಸುಟ್ಟು ಬೂದಿಯಾದ ಮೇಲೆ ಆ ದೃಶ್ಯಾವಳಿ ಲೋಕಕ್ಕೆ ಸಿಕ್ಕಿತು.

ಸಿಕ್ಕಿದ ಚಿತ್ರಸುರುಳಿ ಎಂಬ ಹೆಸರಿನಲ್ಲಿಯೇ ಈ ದುಃಖ ಅಡಗಿದೆ. ಅದು ಸಿಗುವುದು ಯಾವಾಗಲೂ ತಡವಾಗಿ. ಮಕ್ಕಳು ಮೌನವಾಗಿ ಕೂಡಿಡುತ್ತಿರುವುದನ್ನು ಸಮಯವಿರುವಾಗಲೇ ಕೇಳಿ ನೋಡುವ ತಾಯಿಯೋ ತಂದೆಯೋ ನೆರೆಯವರೋ ಗುರುಗಳೋ ಇದ್ದರೆ ಅಂತಹ ಸುರುಳಿಯನ್ನು ಯಾರೂ ಬೂದಿಯಲ್ಲಿ ಹುಡುಕಬೇಕಾಗುವುದಿಲ್ಲ.